ತಾಮ್ರದ ಕಲಶದ ಒಂದು ಸೌಟು ತೀರ್ಥ

ನಾಳೆ ಆಯುಧ ಪೂಜೆ. ಅಡುಗೆಮನೆಯಲ್ಲಿ ಹೆಂಡತಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಳೆ. ಆ ಹುಳಿ ವಾಸನೆ ಹೊರಗಿನ ಕೋಣೆಯವರೆಗೂ ಬಂದಿದೆ. ಅಲ್ಲಿ ಮೇಲಿನ ಫ್ಲ್ಯಾಟಿನ ಸಾನಿಕಾ ಕೂತಿದ್ದಾಳೆ. ಹನ್ನೆರಡನೆಯ ತರಗತಿ, ನನ್ನ ಬಳಿ ಕೆಮಿಸ್ಟ್ರಿ ಕೇಳಲು ಬರುತ್ತಾಳೆ. ಅಪ್ಪ ಅಮ್ಮ ಗದಗಿನವರು. ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ಅಂಕಲ್, ಕಾಪರ್ ಮೇ ಐಸಾ ಕ್ಯೂಂ? ಸರ್ ಬೋಲೇ, ಬಸ್ ರಟ್ಟಾ ಮಾರೋ."

ತಾಮ್ರದ ಎಲೆಕ್ಟ್ರಾನುಗಳ ಲೆಕ್ಕ ಯಾಕೆ ಹೀಗೆ ಎಂದು ಕೇಳಿದರೆ, ಸರ್ ಸುಮ್ಮನೆ ಉರು ಹೊಡೆ ಅಂದರಂತೆ. ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಯ ಕೋಚಿಂಗ್ ಕ್ಲಾಸುಗಳು ಫೀಸು ತೆಗೆದುಕೊಂಡು ಕಲಿಸುವ ವಿದ್ಯೆ ಇದೊಂದೇ. ನಾನೂ ಅಲ್ಲೇ ಉರು ಹೊಡೆದು ಬಿ.ಎಸ್ಸಿ. ಆದವನು.

ನೀವೂ ಓದಿ ಮರೆತಿರುತ್ತೀರಿ, ಹೇಳಿಬಿಡುತ್ತೇನೆ. ಸಂಕ್ರಮಣ ಲೋಹಗಳ ಪರಮಾಣುವಿನಲ್ಲಿ 3d ಎಂಬ ಐದು ಕೋಣೆಗಳಿವೆ, ಕೋಣೆಗೆ ಇಬ್ಬರಂತೆ. ಎಲೆಕ್ಟ್ರಾನುಗಳು ಮೊದಲು ಪಕ್ಕದ 4s ಕೋಣೆ ತುಂಬಿ ಆಮೇಲೆ ಇಲ್ಲಿಗೆ ಬರುತ್ತವೆ. ಐದೂ ಕೋಣೆಗೆ ಒಂದೊಂದು ಬರುವ ತನಕ ಯಾವುದೂ ಇನ್ನೊಂದರ ಮಗ್ಗುಲಿಗೆ ಹೋಗುವುದಿಲ್ಲ. ಮೂವರ ಸೀಟಿಗೆ "ಥೋಡಾ ಸರ್ಕೋ" ಎನ್ನುತ್ತಾ ತೂರಿಕೊಳ್ಳುವ ನಮ್ಮ ಲೋಕಲ್ ರೈಲಿನ ನಾಲ್ಕನೆಯವನಿಗೆ ಇಷ್ಟು ಸಭ್ಯತೆ ಇಲ್ಲ. ಕ್ರೋಮಿಯಮ್ಮಿನಲ್ಲಿ ಒಮ್ಮೆ ತಪ್ಪಿದ ಲೆಕ್ಕ ತಾಮ್ರಕ್ಕೆ ಬರುವಾಗ ಮತ್ತೆ ತಪ್ಪುತ್ತದೆ: 4sನಲ್ಲಿ ಎರಡು ಇರಬೇಕಾದ ಕಡೆ ಒಂದೇ ಉಳಿದು, 3dಯಲ್ಲಿ ಹತ್ತೂ ಭರ್ತಿ. ಎರಡು ಕಡೆಯ ಶಕ್ತಿಯ ಅಂತರ ಅಷ್ಟು ಕಡಿಮೆ. ಆದ್ದರಿಂದಲೇ ತಾಮ್ರ ಒಮ್ಮೆ ಒಂದು ಎಲೆಕ್ಟ್ರಾನು ಬಿಡುತ್ತದೆ, ಒಮ್ಮೆ ಎರಡು. ಬಿಟ್ಟದ್ದನ್ನು ಮತ್ತೆ ಇಸಿದುಕೊಳ್ಳುತ್ತದೆ. ಈ ಕೊಡು-ಕೊಳ್ಳುವಿಕೆಗೆ ಸಿಕ್ಕಿದ, ಬಟ್ಟೆ ಬಿಳುಪಿಸುವ ಹೈಡ್ರೋಜನ್ ಪೆರಾಕ್ಸೈಡು ನೀರಾಗಿ, ಆಮ್ಲಜನಕವಾಗಿ ಒಡೆದು ಬಿಸಿಯೇರುತ್ತದೆ. ತಾಮ್ರ ಏನೂ ಅರಿಯದಂತೆ ಮುಂದಿನದಕ್ಕೆ ಕೈಹಾಕುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಹೋದ ವರ್ಷ ಇದೇ ಪೂಜೆಯ ದಿನ ನಾನು ಕೈಮುಗಿದುಕೊಂಡು ನಿಂತಿದ್ದೆ.

ನಾನಿರುವುದು ಬಟ್ಟೆಗೆ ಬಿಳುಪು ಕೊಡುವ ಒಂದು ಸಣ್ಣ ಕಾರ್ಖಾನೆಯ ಲ್ಯಾಬಿನಲ್ಲಿ. ಧಣಿಗಳು ಉಡುಪಿ ಕಡೆಯವರು, ಮೊದಲು ಹೋಟೆಲು ನಡೆಸುತ್ತಿದ್ದರು. ಪೆರಾಕ್ಸೈಡನ್ನೂ ಸಾಂಬಾರಿನಂತೆಯೇ ನೋಡುವವರು. ಅಂದು ಯಂತ್ರಗಳಿಗೆ ಕುಂಕುಮ ಹಚ್ಚಿಯಾಯಿತು. ಪೆರಾಕ್ಸೈಡಿನ ನೀಲಿ ಡ್ರಮ್ಮುಗಳಿಗೆ ಹೊರಗಿನಿಂದ ತೀರ್ಥ ಚಿಮುಕಿಸಿದ್ದು ಅವರಿಗೆ ಸಾಲಲಿಲ್ಲ.

"ಹೊರಗೆ ಹಾಕಿದ್ರೆ ಎಂತ ಪ್ರಯೋಜನ ಮಾರಾಯ್ರೆ? ಒಳಗಿದ್ದದ್ದಲ್ವಾ ಕೆಲಸ ಮಾಡುದು? ಮುಚ್ಚಳ ತೆಗೀರಿ."

ತೆಗೆದವನು ನಾನೇ. ನಿಂಬೆಹಣ್ಣು ಬಿದ್ದು ಎರಡು ದಿನವಾಗಿದ್ದ ತಾಮ್ರದ ಕಲಶದ ನೀರು, ಹುಳಿಗೆ ತಾಮ್ರ ಕರಗಿ ಅಂಚಿನಲ್ಲಿ ಹಸಿರು ಕಟ್ಟಿತ್ತು. ಅದರಿಂದ ಒಂದು ಸೌಟು ಡ್ರಮ್ಮಿನೊಳಗೆ ಹೋಯಿತು. ಮುಚ್ಚಳ ಹಾಕಿ, ಗಾಳಿ ಹೋಗುವ ಅದರ ಸಣ್ಣ ತೂತಿನ ಮೇಲೆಯೇ ಗಂಧದ ಮುದ್ದೆ ಮೆತ್ತಿ ಹೂವಿಟ್ಟರು. ನನ್ನ ಬಾಯಲ್ಲಿ "ಸಾರ್" ಎಂಬ ಅರ್ಧ ಪದ ಹೊರಟಿತು. ಮುಂದಿನದನ್ನು ಪ್ರಸಾದದ ಜೊತೆ ನುಂಗಿದೆ. ದೇವರ ಕೆಲಸದಲ್ಲಿ ಅಪಶಕುನ ನುಡಿಯಬಾರದಂತೆ! ನನ್ನ ಹೇಡಿತನಕ್ಕೆ ನಾನು ಕೊಟ್ಟುಕೊಂಡ ಮರ್ಯಾದೆಯ ಹೆಸರು ಅದು.

ಊಟ ಮುಗಿದು ಎಲ್ಲರೂ ಹೋದರು. ಮರೆತ ಡಬ್ಬಿ ತರಲು ಒಳಗೆ ಹೋದರೆ, ಲೋಡರ್ ಬಸಪ್ಪ ಅದೇ ಡ್ರಮ್ಮಿಗೆ ಬೆನ್ನು ಕೊಟ್ಟು ಕಾಲು ಚಾಚಿದ್ದ. ಡ್ರಮ್ಮು ಬಸುರಿಯಂತೆ ಉಬ್ಬಿತ್ತು.

"ಬಸಪ್ಪ, ಏಳು!"

"ಕುಂಡ್ರ್ರಿ ಸಾಹೇಬ್ರ. ಮುಂಜಾನಿಂದ ನಡಾ ಹಿಡ್ದಿತ್ತು. ಇದು ಬೆಚ್ಚಗ ಐತಿ, ಶೇಕ ಕೊಟ್ಟಂಗ ಆಗಾಕ್ಹತ್ತೈತಿ."

ಓಡು ಎನ್ನುವುದನ್ನು ಬಿಟ್ಟು ನಾನು ಏನು ಮಾಡಿದೆ ಗೊತ್ತೇ? ವಿವರಿಸತೊಡಗಿದೆ. ತಾಮ್ರ, ಆಮ್ಲಜನಕ, ಒತ್ತಡ! ಅವನು ನನ್ನ ಮುಖ ನೋಡಿ ನಕ್ಕ: "ಊಟ ಜಾಸ್ತಿ ಆತೇನ್ರಿ?" ಅಷ್ಟರಲ್ಲಿ ಮುಚ್ಚಳ ಸಿಳ್ಳೆ ಹಾಕಿತು. ಆಗ ಕಂಕುಳಿಗೆ ಕೈಹಾಕಿ ಎಳೆದೆ. ಗೋಡೆಯ ಆಚೆ ಬಿದ್ದೆವೋ ಇಲ್ಲವೋ, ಡ್ರಮ್ಮು ಸಿಡಿಯಿತು. ಮೇಲಿನ ತಗಡು ಹಾರಿತು. ಚಿಮ್ಮಿದ ಪೆರಾಕ್ಸೈಡು ತಾಗಿ ಬಸಪ್ಪನ ಕೈಗಳ ಚರ್ಮ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಅವನ ಎಡಗಿವಿ ಇವತ್ತಿಗೂ ಕೇಳಿಸುವುದಿಲ್ಲ. ನನಗೆ ಆ ಸಿಳ್ಳೆ ಇವತ್ತಿಗೂ ಕೇಳುತ್ತದೆ. ಕುಕ್ಕರ್ ಕೂಗಿದರೆ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತೇನೆ.

ಆಸ್ಪತ್ರೆಯಲ್ಲಿ ಧಣಿಗಳು ಅಂದದ್ದು ಇಷ್ಟು: "ನೋಡಿ, ಬೆಳಿಗ್ಗೆ ತೀರ್ಥ ಹಾಕಿದ್ದಕ್ಕೆ ನೀವಿಬ್ರೂ ಉಳ್ಕೊಂಡದ್ದು." ನಾನು ತಲೆಯಾಡಿಸಿದೆ. ಹೌದು, ಆಡಿಸಿದೆ.

ಈ ಕಥೆಯನ್ನು ಸಾನಿಕಾಳಿಗೆ ಪೂರ್ತಿ ಹೇಳಿದೆ. ಹುಡುಗಿ ಪೆನ್ನು ಕಚ್ಚುತ್ತಾ ಕೇಳಿದಳು: "ಆಪ್‌ಕೋ ತೋ ಪತಾ ಥಾ ನಾ, ಅಂಕಲ್. ಫಿರ್ ಬೋಲೇ ಕ್ಯೂಂ ನಹೀಂ?"

ಗೊತ್ತಿದ್ದೂ ಏಕೆ ಹೇಳಲಿಲ್ಲ? ನಾಳೆ ಬೆಳಿಗ್ಗೆ ಮತ್ತೆ ಅದೇ ಡ್ರಮ್ಮುಗಳು, ಅದೇ ಧಣಿ. ಹೂವು ಏರಿಸಲು ಅದೇ ಬಸಪ್ಪ. ಅವಳೆದುರೇ ಧಣಿಗಳಿಗೆ ಫೋನ್ ಹಚ್ಚಿದೆ.

"ಸಾರ್, ನಾಳೆ ಯಾವ ಡ್ರಮ್ಮಿನ ಮುಚ್ಚಳವನ್ನೂ ತೆಗೆಯುವ ಹಾಗಿಲ್ಲ. ಹೋದ ವರ್ಷ ಸಿಡಿದದ್ದು ನಿಮ್ಮ ತೀರ್ಥದಿಂದ. ತೆಗೆಯುವುದಾದರೆ ನಾನು ಬಸಪ್ಪನನ್ನು ಕರೆದುಕೊಂಡು ಗೇಟಿನ ಹೊರಗೆ ನಿಲ್ಲುತ್ತೇನೆ."

ಆ ಕಡೆಯಿಂದ ನಗು. "ಎಂತದು ಮಾರಾಯ್ರೆ, ದೇವರಿಗೇ ಪಾಠ ಮಾಡ್ತೀರಾ?"

"ದೇವರಿಗಲ್ಲ ಸಾರ್," ಎಂದೆ. "ನಿಮಗೆ."