ಯಮನಪ್ಪನ ಕೈ ಮತ್ತು ನಿಂತ ನೀರು

ಯಮನಪ್ಪ ದೇವದುರ್ಗದ ಕಡೆಯವನು. ಕೃಷ್ಣಾ ನದಿಯಲ್ಲಿ ಹದಿನೆಂಟು ವರ್ಷ ಹರಿಗೋಲು ನಡೆಸಿದ. ಸೇತುವೆಯಾದ ಮೇಲೆ ದಾಟಿಸಲು ಜನರಿಲ್ಲದೆ ಎಲೆಕ್ಟ್ರಾನಿಕ್ ಸಿಟಿಗೆ ಬಂದು ನಾಲ್ಕು ವರ್ಷ ಇಟ್ಟಿಗೆ ಹೊತ್ತ. ಆನೇಕಲ್ ಕಡೆಯ ಒಂದು ಕೆರೆಯ ದಡದಲ್ಲಿ ಅತಿಥಿಗೃಹ ಶುರುವಾಗಿ, ಹರಿಗೋಲಿಗೆ ಆಳು ಬೇಕೆಂದು ತಿಳಿದ ದಿನವೇ ಮೇಸ್ತ್ರಿಗೆ ಹೇಳಿ ಹೊರಟುಬಿಟ್ಟ. ಮ್ಯಾನೇಜರ್ ಶಶಿಕುಮಾರ್ ಒಂದು ವಾರ ನೋಡಿ ಹೇಳುತ್ತೇನೆ ಎಂದಿದ್ದರು. ಆ ವಾರದ ಕೊನೆಯ ಮೂರು ದಿನ ನಾನೂ ಜಾಲಹಳ್ಳಿಯ ನನ್ನ ನೆರೆಯವಳು ವೆಂಕಟಲಕ್ಷ್ಮಿಯೂ ಅಲ್ಲಿಗೆ ರಜೆಗೆ ಹೋಗಿದ್ದೆವು.

ಶುಕ್ರವಾರ ಬೆಳಿಗ್ಗೆ ಅವನು ನಮ್ಮನ್ನು ಕೆರೆಯ ನಡುವಿನ ಒಣ ಜಾಲಿಮರಗಳ ಬಳಿಗೆ ಕರೆದೊಯ್ದ. ನೀರುಕಾಗೆಗಳು ರೆಕ್ಕೆ ಬಿಚ್ಚಿ ಬಿಸಿಲು ಕಾಯುತ್ತಿದ್ದವು. ಚೀಲದಂಥ ಕೊಕ್ಕಿನ ಹೆಜ್ಜಾರ್ಲೆಗಳು ನನ್ನ ಲೆಕ್ಕದಲ್ಲಿ ಹನ್ನೊಂದು, ವೆಂಕಟಲಕ್ಷ್ಮಿಯ ಲೆಕ್ಕದಲ್ಲಿ ಹದಿನಾಲ್ಕು. ಆಕೆ ಕೈಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬಿಡಿಭಾಗಗಳನ್ನು ತಪಾಸಣೆ ಮಾಡಿದವಳು, ನಿಜ. ಆದರೆ ಹಕ್ಕಿಗಳು ತಟ್ಟೆಯಲ್ಲಿ ಸುಮ್ಮನೆ ಕೂರುವುದಿಲ್ಲ. ಯಮನಪ್ಪ ಹುಟ್ಟನ್ನು ಎತ್ತಿ ಹಿಡಿದು ಕಾದ. ಹಕ್ಕಿಗಳಿಗೆ ನಾವು ಲೆಕ್ಕಕ್ಕೇ ಇರಲಿಲ್ಲ.

ಹಿಂದಿರುಗುವಾಗ ಹರಿಗೋಲು ದಡದ ಮೆಟ್ಟಿಲು ತಪ್ಪಿ, ಮೂವತ್ತು ಅಡಿ ಎಡಕ್ಕೆ ಜೊಂಡಿನೊಳಗೆ ಹೊಕ್ಕಿತು. ನಾವು ಕೆಸರಿನಲ್ಲಿ ಇಳಿಯಬೇಕಾಯಿತು.

"ಏನಪ್ಪಾ, ಮೆಟ್ಲು ಅಲ್ಲಿದೆ, ಇಲ್ಲಿಗೆ ತಂದ್ಬಿಟ್ಯಲ್ಲ!" ಎಂದಳು ವೆಂಕಟಲಕ್ಷ್ಮಿ. "ನಾವೇನು ಎಮ್ಮೆಗಳಾ?"

"ತಪ್ಪಾತ್ರಿ. ದಿನಾ ಹಿಂಗ ಆಗಾಕತ್ತೈತಿ. ಐತವಾರ ಸಾಹೇಬ್ರು ತಾವ ಕುಂತು ನೋಡ್ತಾರಂತ. ಅವತ್ತೂ ತಪ್ಪಿದ್ರ ಮತ್ತ ಇಟ್ಟಿಗಿ ಹೊರೂದ."

ಹೋಗುವಾಗಲೂ ಬರುವಾಗಲೂ ಹರಿಗೋಲು ಪಶ್ಚಿಮಕ್ಕೇ ಸರಿದಿದ್ದನ್ನು ನಾನು ಗಮನಿಸಿದ್ದೆ. ಕಾರಣ ಸರಳ. ಅವನ ಊರಿನಲ್ಲಿ ಕೃಷ್ಣೆ ಪಶ್ಚಿಮದಿಂದ ಹರಿದು ಬರುತ್ತದೆ. ಎದುರು ದಡದ ಕಟ್ಟೆಗೆ ನೇರ ಸೇರಬೇಕಾದರೆ ಹರಿವಿಗೆ ಎದುರಾಗಿ, ಪಶ್ಚಿಮಕ್ಕೆ ತುಸು ಒತ್ತಿ ಹುಟ್ಟು ಹಾಕಬೇಕು. ಉಳಿದದ್ದನ್ನು ನದಿ ಸರಿಪಡಿಸುತ್ತದೆ.

"ಇಲ್ಲಿ ನೀರು ಹರಿಯೋದಿಲ್ಲ, ಯಮನಪ್ಪ," ಎಂದೆ.

"ನನಗ ಗೊತ್ತೈತ್ರಿ ಅಕ್ಕೋರ. ಕೈಗೆ ಗೊತ್ತಿಲ್ರಿ."

ನಾನು ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು. ಕೈಯನ್ನು ತಿದ್ದಬೇಡ, ಗುರಿಯನ್ನು ತಿದ್ದು ಎಂದೆ. ಮೆಟ್ಟಿಲಿನಿಂದ ಪೂರ್ವಕ್ಕೆ ಸುಮಾರು ಮೂವತ್ತು ಅಡಿ ದೂರದಲ್ಲಿ, ನೀರಿನ ಅಂಚಿಗೇ ಹಳೆಯ ಪಂಪ್‌ಹೌಸ್ ಇತ್ತು. ಅದನ್ನೇ ನೋಡುತ್ತ ಬಾ, ಮೆಟ್ಟಿಲಿಗೆ ಬರುತ್ತೀಯ ಎಂದೆ. ಸಂಜೆ ಹಾಗೆಯೇ ಆಯಿತು. ಶನಿವಾರ ನಾವು ಏಳು ಸಲ ಹೋಗಿಬಂದೆವು. ಒಂದು ನೀಲಿ ಮಿಂಚುಳ್ಳಿ, ಮರಿಗಳೊಡನೆ ಗುಳುಮುಳುಕ, ಜೊಂಡಿನ ಅಂಚಿನಲ್ಲಿ ಉದ್ದ ಕಾಲಿನ ಜಂಬುಕೋಳಿ ಕಂಡವು. ಅಷ್ಟು ಹೊತ್ತು ನೀರಿನ ಮೇಲೆ ಕೂತು ನನಗೆ ಒಮ್ಮೆಯೂ ಬೇಸರವಾಗಲಿಲ್ಲ.

ಭಾನುವಾರ ಶಶಿಕುಮಾರ್ ಹರಿಗೋಲು ಹತ್ತಿದರು. ನಾವೂ ಕೂತೆವು. ಹಿಂದಿರುಗುವಾಗ ಯಮನಪ್ಪ ಪಂಪ್‌ಹೌಸಿನ ಮೇಲೆ ಕಣ್ಣಿಟ್ಟು ಹುಟ್ಟು ಹಾಕಿದ. ಹರಿಗೋಲು ಗೆರೆ ಎಳೆದಂತೆ ನೇರ ಹೋಗಿ ಪಂಪ್‌ಹೌಸಿನ ಗೋಡೆಗೆ ಬಡಿಯಿತು.

"ಮೋಟಾರ್ ರಿಪೇರಿ ಮಾಡಿಸ್ಬೇಕಿತ್ತಾ?" ಎಂದರು ಶಶಿಕುಮಾರ್. ಅವರಿಗೆ ನಗು ಬಂದಿರಲಿಲ್ಲ.

ಯಮನಪ್ಪನ ಮುಖ ಇಳಿದುಹೋಯಿತು. ಅಷ್ಟು ಸಲ ಓಡಾಡಿದ ಕೈ ನಿಂತ ನೀರನ್ನು ಕಲಿತುಬಿಟ್ಟಿತ್ತು. ಕೈ ಎಂದಿಗೂ ಕಲಿಯುವುದಿಲ್ಲವೆಂದು ನಾನೇ ತೀರ್ಮಾನಿಸಿದ್ದೆ.

"ತಪ್ಪು ಅವನದಲ್ಲ, ನನ್ನದು," ಎಂದು ನಡೆದದ್ದನ್ನು ಶಶಿಕುಮಾರರಿಗೆ ವಿವರಿಸಿದೆ.

"ನೀವ್ಯಾಕೆ ಮೇಡಂ ಅವನ ಪರ..."

"ಪರ ವಹಿಸ್ತಿಲ್ಲ. ಇನ್ನೊಂದು ಸಲ ಹೋಗೋಣ. ಈ ಸಲ ಮೆಟ್ಟಿಲನ್ನೇ ನೋಡ್ಲಿ."

ಶಶಿಕುಮಾರ್ ಗಡಿಯಾರ ನೋಡಿಕೊಂಡು, ಒಲ್ಲದ ಮನಸ್ಸಿನಿಂದ ಮತ್ತೆ ಕೂತರು. ಜಾಲಿಮರದವರೆಗೆ ಹೋಗಿ ತಿರುಗಿದೆವು. ವೆಂಕಟಲಕ್ಷ್ಮಿ ಸೆರಗು ತಿರುಚುತ್ತಿದ್ದಳು. ಹರಿಗೋಲು ಮೂರನೆಯ ಮೆಟ್ಟಿಲಿಗೆ ಮೆಲ್ಲಗೆ ತಾಗಿ ನಿಂತಿತು. ಶಶಿಕುಮಾರರ ಬೂಟು ಒದ್ದೆಯಾಗಲಿಲ್ಲ.

"ಸರಿ ಬಿಡಪ್ಪ. ನಾಳೆಯಿಂದ ಬೆಳಗ್ಗೆ ಆರಕ್ಕೆ ಬಾ."

"ಐದೂವರೆಕ್ಕ ಬರ್ತೀನ್ರಿ ಸಾಹೇಬ್ರ. ಹಕ್ಕಿ ನಮ್ಮ ಟೈಮ್ ಕೇಳಂಗಿಲ್ಲ."

ನಮ್ಮ ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಇಳಿಯಲು ಎದ್ದಿದ್ದ ನಮ್ಮನ್ನು ಯಮನಪ್ಪ ಮತ್ತೆ ಕೂರಿಸಿ ಹೆಜ್ಜಾರ್ಲೆಗಳ ಕಡೆಗೆ ಹರಿಗೋಲು ತಿರುಗಿಸಿದ.