ಜೋಳದೊಳಗೆ ಅಡಗಿದ ಊರು

ಮೊನ್ನೆ ನಮ್ಮೂರು ಮಸ್ಕಿಯ ದವಾಖಾನೆಯ ಮುಂದೆ ಯಾರೋ ಎತ್ತುಗಳಿಗೆ ಹಸಿ ಜೋಳದ ದಂಟು ಹಾಕಿದ್ದರು. ಒಳಗಿನ ಔಷಧದ ವಾಸನೆ, ಹೊರಗಿನ ದಂಟಿನ ವಾಸನೆ ಎರಡೂ ಕೂಡಿ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗಿವಿ ಬಿಸಿಯಾಯಿತು. ಅದು ಬಾಜೂಮನೆಯ ದೊಡ್ಡವ್ವ ಹಿಂಡಿದ ಕಿವಿ...

ದೊಡ್ಡವ್ವ ನಮಗೆ ಬಳಗವೇನಲ್ಲ. ಎರಡೂ ಮನೆಗೆ ಗೋಡೆ ಒಂದೇ, ಅಷ್ಟೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಹೆರಿಗೆಗೆಂದು ತವರಿಗೆ ಬಂದಾಗ ಕೂಸು ಅಡ್ಡ ತಿರುಗಿತು. ಲಿಂಗಸುಗೂರಿನ ದವಾಖಾನೆಗೆ ಒಯ್ಯಲು ಬಂಡಿ ಹೂಡಿದವನು ನಾನು. ನನ್ನಂಥ ಬಾಯಿಬಡುಕ ಊರಲ್ಲಿ ಇನ್ನೊಬ್ಬನಿರಲಿಲ್ಲ; ದಾರಿಯುದ್ದಕ್ಕೂ ಏನೇನೋ ಒದರುತ್ತ ಹೊರಟೆ. ನಡುದಾರಿಯಲ್ಲಿ ಹಿಂದಿನಿಂದ ಬರುತ್ತಿದ್ದ ನರಳಾಟ ನಿಂತುಹೋಯಿತು. ಹೊರಳಿ ನೋಡಲು ಧೈರ್ಯವಾಗಲಿಲ್ಲ. ಎತ್ತುಗಳ ಜೊತೆಗೇ ಮಾತಾಡುತ್ತ ಕೂತೆ. ಕೊನೆಗೆ ದೊಡ್ಡವ್ವನೇ ಅಂದಳು, "ಬಂಡಿ ಹೊಳ್ಳಿಸಪಾ..."

ಮುಂದೆ ಕಿರಿಯಳು ಬಸುರಿಯಾದಾಗ ದೊಡ್ಡವ್ವನಿಗೆ ಅನ್ನ ಸೇರದಾಯಿತು. ಊರಿನವರು ದವಾಖಾನೆಗೆ ಗೋಡೆ ಎಬ್ಬಿಸಿ ಮಾಳಿಗೆ ಹಾಕಿಕೊಟ್ಟರೆ ಹೆರಿಗೆ ಮಾಡಿಸುವ ದಾಯಿಯನ್ನೂ ಔಷಧವನ್ನೂ ಕಳಿಸುವುದಾಗಿ ಲಿಂಗಸುಗೂರಿನ ಡಾಕ್ಟರು ಸಾಹೇಬರು ಮಾತು ಕೊಟ್ಟಿದ್ದರು. ದೊಡ್ಡವ್ವ ಮನೆಮನೆ ಹೊಕ್ಕು ಒಪ್ಪಿಸಿದಳು. ಬಂಡಿ ಇದ್ದವರು ಕಲ್ಲು ತರಬೇಕು, ಮರ ಇದ್ದವರು ತೊಲೆ ಕೊಡಬೇಕು, ಏನೂ ಇಲ್ಲದವರು ಮೈ ಮುರಿದು ದುಡಿಯಬೇಕು. "ನಾ ಕುಂತು ಹಾಡು ಹೇಳ್ತೀನಿ," ಅಂದೆ. "ನಿನ್ನ ಹಾಡು ಕೇಳಿದ್ರ ಕಟ್ಟಿದ ಗ್ವಾಡಿ ಬೀಳ್ತಾವ. ಮಣ್ಣು ತುಳಿ," ಅಂದಳು.

ಸಾಹೇಬರು ಜಾಗ ನೋಡಿ, ಊರಿನ ಒಪ್ಪಿಗೆ ಕೇಳಲು ಬರುವ ದಿನ ಎಲ್ಲರೂ ಬೇವಿನಮರದ ಕೆಳಗೆ ಕೂಡಿದ್ದೆವು. ಅವರ ಕುದುರೆಯ ಮುಂದೆ ಜವಾನನೊಬ್ಬ ನಡೆದು ಬರುತ್ತಿದ್ದ. ಅವನ ಎದೆಗೆ ಅಡ್ಡ ಕಟ್ಟಿದ ಪಟ್ಟಾದ ಮೇಲಿನ ಸರಕಾರಿ ಹಿತ್ತಾಳೆ ಬಿಲ್ಲೆ ಬಿಸಿಲಿಗೆ ಫಳಕ್ಕೆಂದಿತು. ನಿಜಾಮರ ಸೀಮೆಯಲ್ಲಿ ಆ ಬಿಲ್ಲೆ ಕಂಡರೆ ಬೇಗಾರಿ ಬಂತೆಂದೇ ಅರ್ಥ. ಸಾಹೇಬರ ಗಂಟುಮೂಟೆ ಪುಕ್ಕಟೆ ಹೊತ್ತು ಮುಂದಿನೂರಿಗೆ ನಡೆಯಬೇಕು. ತಡವಾದರೆ ಬೆನ್ನಿಗೆ ಚಾಬೂಕು. ಯಾರೂ "ಓಡ್ರೋ" ಅನ್ನಲಿಲ್ಲ. ಕಾಲುಗಳೇ ತೀರ್ಮಾನ ಮಾಡಿದವು. ನನ್ನ ಕಾಲು ಎಲ್ಲರಿಗಿಂತ ಜಾಣ. ಧೋತರವನ್ನು ಬೇಲಿಗೆ ದಾನ ಮಾಡಿ, ಆಳೆತ್ತರದ ಜೋಳದೊಳಗೆ ಹೋಗಿ ಬಿದ್ದೆ. ಮೊಲವೊಂದು ನನ್ನನ್ನು ನೋಡಿ ಜಾಗ ಬಿಟ್ಟುಕೊಟ್ಟಿತು.

ಹೊಲದ ತುಂಬ ಊರೇ ಉಸಿರು ಬಿಗಿಹಿಡಿದು ಕೂತಿತ್ತು. ಗಾಳಿಯಿಲ್ಲದೆ ಗರಿಗಳು ಅಲುಗುತ್ತಿದ್ದವು... ಸಾಹೇಬರ ದನಿ ಕೇಳಿತು.

"ಊರಾಗ ಮಂದೀನೇ ಇಲ್ಲ. ದವಾಖಾನಿ ಯಾರಿಗಮ್ಮಾ? ಬ್ಯಾರೆ ಊರಿಗೆ ಕೊಡ್ತೀನಿ."

"ಅದಾರ್ರೀ ಸಾಹೇಬ್ರ, ಜ್ವಾಳದಾಗ ಅದಾರ. ಒಂದೀಟು ತಡೀರಿ, ತರ್ತೀನಿ." ಓಡದೆ ಅಲ್ಲೇ ನಿಂತಿದ್ದ ದೊಡ್ಡವ್ವನ ದನಿ.

ಗರಿಗಳು ಸರಸರ ಸರಿದವು. ನಾನು ಮುಖವನ್ನು ಮಣ್ಣಿಗೆ ಒತ್ತಿಕೊಂಡೆ. ನನಗೆ ಕಾಣದಿದ್ದರೆ ನಾನೂ ಕಾಣುವುದಿಲ್ಲವೆಂಬುದು ನನ್ನ ಲೆಕ್ಕ.

"ಏಳಲೇ."

"ದೊಡ್ಡವ್ವಾ, ನಾ ಇಲ್ಲಿ ಇಲ್ಲಬೇ!"

"ಇಲ್ಲದಾಂವ ಮಾತಾಡ್ತಾನೇನು? ಏಳು. ತಂಗೀನೂ ಹಾದ್ಯಾಗ ಕಳಕೊಳ್ಳೂನೇನು, ಅಕ್ಕನಂಗ?"

ಕಿವಿ ಹಿಡಿದು ಎಳೆದಳು. ಜವಾನನ ಕಡೆ ಕಣ್ಣೆತ್ತದೆ, ನೆಲ ನೋಡುತ್ತಲೇ ನಡೆದಳು. ಬಿಲ್ಲೆಗೆ ಅವಳೂ ನನ್ನಷ್ಟೇ ಹೆದರಿದ್ದಳು.

ಲಂಗೋಟಿಯಲ್ಲಿದ್ದ ನನ್ನನ್ನು ಕುದುರೆಯ ಮುಂದೆ ನಿಲ್ಲಿಸಿ, "ಒಂದು ಸಿಕ್ತ್ರೀ. ಉಳಿದಾವು ಬರ್ತಾವ," ಅಂದಳು. ಮೊದಲು ನಕ್ಕವನು ಆ ಜವಾನನೇ. ಅವನು ನಕ್ಕದ್ದು ಕೇಳಿ ಜೋಳದೊಳಗೂ ಯಾರೋ ಕಿಸಕ್ಕೆಂದರು. ಒಂದು ತಲೆ ಎದ್ದಿತು, ಇನ್ನೊಂದು... ಸಾಹೇಬರು ಮಂದಿಯನ್ನು ನೋಡಿದರು, ಜಾಗ ನೋಡಿದರು, ಕಟ್ಟಿ ಎಂದರು.

ಕಟ್ಟಿದೆವು. ಮಾಳಿಗೆಯ ಮಣ್ಣು ಇನ್ನೂ ಹಸಿಯಿರುವಾಗಲೇ ಕಿರಿಯಳಿಗೆ ಬೇನೆ ಹತ್ತಿತು. ಒಳಗೆ ದಾಯಿ; ಹೊರಗೆ ಕಟ್ಟೆಯ ಮೇಲೆ ದೊಡ್ಡವ್ವ ಮತ್ತು ನಾನು. ಒಮ್ಮೆಲೇ ಒಳಗಿನ ನರಳಾಟ ನಿಂತಿತು. ದೊಡ್ಡವ್ವ ನನ್ನ ಕೈ ಗಟ್ಟಿಯಾಗಿ ಹಿಡಿದಳು. ಮಾತಾಡಲು ನಾನು ಎತ್ತುಗಳನ್ನು ಹುಡುಕಿದೆ. ಎತ್ತುಗಳಿರಲಿಲ್ಲ... ಆಮೇಲೆ ಕೂಸು ಅತ್ತಿತು.

ಮರುವರ್ಷದ ಬೇಸಿಗೆಯಲ್ಲಿ ದೊಡ್ಡವ್ವನಿಗೆ ವಾಂತಿಭೇದಿ ಹತ್ತಿತು. ದವಾಖಾನೆಗೆ ಹೊತ್ತು ತಂದವನು ನಾನೇ. ಹೊಸ್ತಿಲ ಹತ್ತಿರ ಬಂದಾಗ ಬಾಗಿಲಿನ ಚೌಕಟ್ಟು ಹಿಡಿದುಬಿಟ್ಟಳು. "ಒಳಗ ಬ್ಯಾಡಪಾ... ಅಂಜಿಕಿ ಆಗ್ತೈತಿ." ಇಡೀ ಊರನ್ನು ಜೋಳದಿಂದ ಹೊರಗೆಳೆದವಳು! "ಏಳಬೇ ದೊಡ್ಡವ್ವಾ, ಕಿವಿ ಹಿಂಡ್ಲೇನು?" ಅಂದೆ. ಸಣ್ಣಗೆ ನಕ್ಕು ಕೈ ಬಿಟ್ಟಳು. ಒಳಗೆ ಮಲಗಿಸಿದೆವು. ದಾಯಿ ಮಾಡುವಷ್ಟನ್ನು ಮಾಡಿದಳು. ಸಂಜೆಗೆ ದೊಡ್ಡವ್ವ ಇರಲಿಲ್ಲ.

ಮೊನ್ನೆ ಆ ದಂಟಿನ ವಾಸನೆಯಲ್ಲಿ ಹೀಗೆ ನಿಂತಿದ್ದಾಗ, ದಾರಿಯ ತುದಿಯಲ್ಲಿ ಹಿತ್ತಾಳೆ ಬಿಲ್ಲೆಯೊಂದು ಫಳಕ್ಕೆಂದಿತು. ನನ್ನ ಜಾಣ ಕಾಲುಗಳು ಹೊಲದ ಕಡೆಗೆ ತಿರುಗಿದವು. ಹಿಡಿದು ನಿಲ್ಲಿಸುವವರು ಯಾರೂ ಇರಲಿಲ್ಲ.

ನನ್ನ ಕಿವಿಯನ್ನು ನಾನೇ ಹಿಡಿದುಕೊಂಡು ನಿಂತೆ.