ನಮ್ಮಜ್ಜಿಯ ಕೊಂಕಣಿ ರೆಕಾರ್ಡಿಂಗ್

ದೋಸ್ತರೇ, ಇವತ್ತು ಜೋಯಿಡಾದ ನಮ್ಮ ಮನೆಗೆ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರ ಓದುವ ಅಕ್ಕ ಒಬ್ಬರು ಬಂದಿದ್ದರು. ನಮ್ಮಜ್ಜಿಯ ಕೊಂಕಣಿ ರೆಕಾರ್ಡ್ ಮಾಡಿ ನಾಳೆಯೇ ವಿಭಾಗಕ್ಕೆ ಕೊಡಬೇಕಿತ್ತಂತೆ. ಆದರೆ ಅಜ್ಜಿ ಮೊಬೈಲ್ ಮುಂದೆ ಕನ್ನಡ ಬಿಡಲೇ ಇಲ್ಲ.

“ಅಜ್ಜಿ, ಕೊಂಕಣಿ ಮಾತಾಡ್ರಿ.”

“ನಿಮಗ ತಿಳಿಯೂದಿಲ್ಲಲ್ಲ, ಬಾಯಿ. ಮನಿಗೆ ಬಂದವರ ಮುಂದ ಅವರಿಗೆ ತಿಳೀದ ಮಾತು ಆಡಬಾರದು.”

ಎರಡು ತಾಸು ಇದೇ ಆಯಿತು. ಅಕ್ಕನ ಮುಖ ಸಣ್ಣದಾಯಿತು. ನನಗೆ ಕೂತಿರಲಾಗದೆ, ಅಂಗಳದಲ್ಲಿ ಅಜ್ಜಿ ಸಾರಿನ ಹುಳಿಗೆಂದು ಒಣಹಾಕಿದ್ದ ಮುರುಗಲು ಸಿಪ್ಪೆಯ ಮೇಲೆ ಬೇಕಂತಲೇ ಬೈಕ್ ಹತ್ತಿಸಿದೆ.

ಅಜ್ಜಿ ಇಪ್ಪತ್ತು ನಿಮಿಷ ಉಸಿರು ಬಿಡದೆ ಅಪ್ಪಟ ಕೊಂಕಣಿಯಲ್ಲಿ ಬೈದರು. ಅಕ್ಕ ಮೊಬೈಲ್ ಹಿಡಿದು ಪಿಸುಗುಟ್ಟಿದರು: “ತಮ್ಮಾ, ಇನ್ನೊಮ್ಮೆ ಹತ್ತಸ್ತೀಯೇನೋ?”

ಹತ್ತನೇ ಕ್ಲಾಸಿಗೇ ಓದು ಬಿಟ್ಟವನು ನಾನು. ನಾಳೆ ವಿಶ್ವವಿದ್ಯಾಲಯದಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳು ಕೂತು ನನ್ನ ಬಗ್ಗೆಯೇ ಕಿವಿಗೊಟ್ಟು ಕೇಳುತ್ತಾರೆ.